ಹಿರಿಸೊಸೆಗೆ ಬಿದ್ದ ಒಂದೇ ಓಟು

ಬೆಳಕು ಹರಿಯುವ ಮೊದಲು ಹಿರಿಸೊಸೆ ಮಾಡಿ ಮುಗಿಸುವ ಕೆಲಸಗಳು ಇವು: ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಒದ್ದೆ ಬಟ್ಟೆ ಎಳೆಯುವುದು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಬೆನ್ನು ಒರೆಸಿ ಪೌಡರ್ ಹಾಕುವುದು. ನೀರು ಬಿಸಿಯಾಯಿತೆಂದೋ ತಣ್ಣಗಾಯಿತೆಂದೋ ಬೈಸಿಕೊಳ್ಳುವುದು. ಮಾತ್ರೆ ಪುಡಿಮಾಡಿ ಚಮಚದಲ್ಲಿ ಕುಡಿಸುವುದು. ಅಚ್ಚುಕೂಟದಲ್ಲಿ ಕೆಲಸ ಮಾಡುವ ಗಂಡನಿಗೆ ಬುತ್ತಿ ಕಟ್ಟುವುದು. ಮಹಡಿಯಿಂದ ಇಳಿದು ಬರುವ ವಾರಗಿತ್ತಿಯ ಇಬ್ಬರು ಮಕ್ಕಳಿಗೆ ಹಾಲು ಕಾಯಿಸಿ, ಕಾಲುಚೀಲದ ಜೋಡಿ ಹುಡುಕಿಡುವುದು. ಅಷ್ಟು ಹೊತ್ತಿಗೆ ತಲೆಯ ಮೇಲೆ ಹಲಗೆ ಕಿರ್ರೆಂದರೆ ವಾರಗಿತ್ತಿ ಎದ್ದಳೆಂದು ಅರ್ಥ. ಅವಳಿಗೊಂದು ಲೋಟ ಕಾಫಿ. ಅದಕ್ಕೆ ಸಕ್ಕರೆ ಬೇಕೆಂದೇ ಅರ್ಧ ಚಮಚ ಕಡಿಮೆ.

ಆ ಅರ್ಧ ಚಮಚ ಹಿರಿಸೊಸೆಯ ಇಡೀ ದಿನದ ಸೇಡು. ಆದರೆ ಸೇಡು ತೀರಿಸಿಕೊಳ್ಳುವುದಕ್ಕೂ ಪುಣ್ಯ ಬೇಕು. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ವಾರಗಿತ್ತಿ ಅವಳ ಹೆಗಲ ಮೇಲೆ ಕೈಹಾಕಿ, "ನಮ್ಮಕ್ಕ ನನ್ನ ಆರೋಗ್ಯ ಎಷ್ಟು ನೋಡ್ಕೋತಾಳೆ ಗೊತ್ತಾ? ಕಾಫಿಗೆ ಸಕ್ಕರೆ ಕೂಡ ಅಳೆದು ಹಾಕ್ತಾಳೆ" ಎಂದು ಎಲ್ಲರಿಗೂ ಸಾರಿದ್ದಳು. ಹಿರಿಸೊಸೆ ಹಲ್ಲು ಕಿರಿದು ನಿಂತಿದ್ದಳು.

ವಾರಗಿತ್ತಿ ವಕೀಲೆ. ಮೈದುನ ಮದುವೆಯಾಗಿ ಕರೆತಂದ ದಿನದಿಂದ ಮನೆಯ ಮಹಡಿ ಅವಳದು, ಕೆಳಗಿನ ಮನೆ ಹಿರಿಸೊಸೆಯದು. ಅತ್ತೆ ಮಾತ್ರ ಇಬ್ಬರಿಗೂ ಸೇರಿದವಳು ಎಂದು ಮಾತಾಗಿತ್ತು. ಆದರೆ ಹಾಸಿಗೆ ಹಿಡಿದವರನ್ನು ಮಹಡಿ ಹತ್ತಿಸುವುದು ಹೇಗೆ? ಮಹಡಿಯವಳು ಕೆಳಗಿಳಿಯಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ಸಂಜೆ ಕೋರ್ಟಿನಿಂದ ಬಂದವಳು ಅತ್ತೆಯ ಕೈಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದಳು. ಬೆಳಗಿನಿಂದ ಹಿರಿಸೊಸೆಯನ್ನು ಬೈದು ದಣಿದಿದ್ದ ಮುದುಕಿ ಆಗ ನಗುತ್ತಿದ್ದಳು. ಬೈಗುಳ ಕೆಳಮನೆಗೆ, ನಗು ಮಹಡಿಗೆ.

ವಕೀಲೆ ಕೆಟ್ಟವಳೇನಲ್ಲ, ಹಿರಿಸೊಸೆಯ ಸಂಕಟವೇ ಅದು. ಚರ್ಚಿನ ಸಭೆಯ ಎಷ್ಟೋ ವಿಧವೆಯರ ಪಿಂಚಣಿ ಕೇಸನ್ನು ಅವಳು ಬಿಟ್ಟಿಯಾಗಿ ನಡೆಸಿಕೊಟ್ಟಿದ್ದಳು. ಕೆಟ್ಟವಳಾಗಿದ್ದರೆ ಹೊಟ್ಟೆಕಿಚ್ಚಿಗೆ ಒಂದು ನ್ಯಾಯವಾದರೂ ಇರುತ್ತಿತ್ತು. ಮಾತಾಡಲು ನಿಂತರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹೋದ ವರ್ಷ ಮಹಿಳೆಯರ ಭಾನುವಾರದ ಆರಾಧನೆಯಲ್ಲಿ ಪ್ರಸಂಗ ಮಾಡಿದವಳು ಅವಳೇ. ಹಿರಿಸೊಸೆ ಚರ್ಚಿನ ಅಡುಗೆಮನೆಯಲ್ಲಿ ಕಾಫಿ ಕಪ್ಪು ಜೋಡಿಸುತ್ತ ಗೋಡೆಯ ಮೇಲಿನ ಸ್ಪೀಕರಿನಲ್ಲಿ ಅದನ್ನು ಕೇಳಿದ್ದಳು. "ಸೇವೆ ಅಂದರೇನು ಅಂತ ನಾನು ಪುಸ್ತಕದಿಂದ ಕಲಿಯಲಿಲ್ಲ. ಹಾಸಿಗೆ ಹಿಡಿದ ನಮ್ಮತ್ತೆಯ ಬೆನ್ನಿನಿಂದ ಕಲಿತೆ. ಆ ಬೆನ್ನು ಒರೆಸುವಾಗ..." ಎಂದು ಧ್ವನಿ ನಡುಗಿತ್ತು. ಹೆಂಗಸರು ಮೂಗು ಸೀಟಿದ ಸದ್ದೂ ಸ್ಪೀಕರಿನಲ್ಲೇ ಕೇಳಿಸಿತು. ಹಿರಿಸೊಸೆ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು, ಇಲ್ಲದಿದ್ದರೆ ಅದು ಒಡೆಯುತ್ತಿತ್ತು. ಕುಟ್ಟಿದವಳು ಒಬ್ಬಳು, ಉಂಡವಳು ಇನ್ನೊಬ್ಬಳು, ಅದು ಮಾಮೂಲು. ಕುಟ್ಟಿದ್ದೂ ನಾನೇ ಎಂದು ಉಂಡವಳು ಹೇಳಿಕೊಂಡರೆ?

ಆ ವರ್ಷದ ಪ್ರಾಂತ್ಯಸಭೆ ಅವರ ಚರ್ಚಿನಲ್ಲೇ ನಡೆಯುವುದೆಂದು ಗೊತ್ತಾಯಿತು. ಸುತ್ತಲಿನ ಲೂಥರನ್ ಸಭೆಗಳೆಲ್ಲ ಸೇರಿದ ಒಕ್ಕೂಟ ಅದು. ಒಂದೊಂದು ಸಭೆಯಿಂದ ಪಾಲಕರಾದ ಪಾದ್ರಿಗಳಲ್ಲದೆ ಒಬ್ಬ ಗಂಡಸು, ಒಬ್ಬ ಹೆಂಗಸು ಓಟಿನ ಹಕ್ಕಿನೊಡನೆ ಬರಬೇಕು. ಹೋಗಬೇಕಿದ್ದ ಟೀಚರಮ್ಮನಿಗೆ ಕಾಲು ಉಳುಕಿತು. ಪಾಲಕರು ಹಿರಿಸೊಸೆಯ ಕಡೆ ತಿರುಗಿ, "ಹೇಗೂ ಅಡುಗೆಮನೇಲಿ ಇರ್ತೀರಲ್ಲಮ್ಮ, ನೀವೇ ಓಟೂ ಹಾಕಿಬಿಡಿ" ಎಂದರು. ವಕೀಲೆಗೆ ಇಂಥ ಉಳುಕಿನ ಹಂಗಿರಲಿಲ್ಲ. ಒಕ್ಕೂಟದ ಕಾರ್ಯಕಾರಿ ಸಮಿತಿಯಲ್ಲಿ ಇದ್ದುದರಿಂದ ಅವಳ ಓಟು ಅವಳಿಗೆ ಇದ್ದೇ ಇತ್ತು.

ಬಿಷಪ್ ಬದಲಾಗುವ ವರ್ಷ ಅದಲ್ಲ, ಉಪಾಧ್ಯಕ್ಷರನ್ನು ಆರಿಸುವ ವರ್ಷ. ಉಪಾಧ್ಯಕ್ಷರು ಪಾಲಕರಾಗಿರಕೂಡದು, ಸಾಮಾನ್ಯ ಸಭಿಕರಾಗಿರಬೇಕು. ಬಿಷಪ್ಪರ ಪಕ್ಕದ ಕುರ್ಚಿ, ಸಮಿತಿಯ ಯಜಮಾನಿಕೆ, ಸಭೆಸಭೆಗೂ ಓಡಾಟ. ಇದಕ್ಕೆ ಅರ್ಜಿ ಹಾಕುವಂತಿಲ್ಲ, ನನಗೆ ಬೇಕು ಎನ್ನುವಂತಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲರ ಕೈಗೂ ಖಾಲಿ ಚೀಟಿ ಬರುತ್ತದೆ. ಮೌನ ಪ್ರಾರ್ಥನೆ ಮಾಡಿ, ದೇವರು ಯಾರ ಹೆಸರು ತೋರಿಸುತ್ತಾನೋ ಆ ಹೆಸರು ಬರೆಯಬೇಕು. ಹೆಸರು ಬಂದವರು ಬೇಡವೆಂದರೆ ಹಿಂತೆಗೆತದ ಚೀಟಿಗೆ ರುಜು ಹಾಕಬಹುದು, ಉಳಿದವರು ಎರಡನೇ ಸುತ್ತಿಗೆ ಮುಂದಿನ ಸಾಲಿನಲ್ಲಿ ಬಂದು ಕೂರಬೇಕು. ಹೀಗಾಗಿ ಆಸೆಯಿದ್ದವರೆಲ್ಲ ಆಸೆಯಿಲ್ಲದ ಮುಖ ಹೊತ್ತು ಓಡಾಡುತ್ತಿದ್ದರು. ಅಂಥ ಮುಖ ವಕೀಲೆಗೆ ಚೆನ್ನಾಗಿ ಒಪ್ಪುತ್ತಿತ್ತು.

ಆ ಬೆಳಿಗ್ಗೆ ಹಿರಿಸೊಸೆ ಇಸ್ತ್ರಿ ಮಾಡಿದ ಸೀರೆ ಉಟ್ಟದ್ದು ಕಂಡು ಅತ್ತೆ ಕೇಳಿದಳು. "ಎಲ್ಲಿಗೆ ಸವಾರಿ?"

"ಚರ್ಚಿಗೆ ಅತ್ತೆ. ಓಟು ಹಾಕ್ಬೇಕು."

"ಕಪ್ಪು ತೊಳೆಯೋರಿಗೂ ಓಟು ಕೊಟ್ಟರಾ? ಯಾರಿಗೆ ಹಾಕ್ತೀಯಾ?"

"ದೇವರು ತೋರಿಸಿದೋರಿಗೆ."

"ದೇವರು ಮಹಡಿಯವಳನ್ನೇ ತೋರಿಸ್ತಾನೆ ಬಿಡು. ಅವನಿಗೂ ಚೆನ್ನಾಗಿ ಮಾತಾಡೋರು ಬೇಕಲ್ಲ" ಎಂದು ಮುದುಕಿ ಗೋಡೆಯ ಕಡೆ ಮುಖ ಮಾಡಿದಳು. ಅತ್ತೆಯನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆ ಬಂದು ಕೂತಳು.

ಸಭಾಂಗಣದಲ್ಲಿ ಕೊನೆಯ ಸಾಲಿನ ತುದಿಯ ಕುರ್ಚಿ ಹಿರಿಸೊಸೆಯದು. ಹಾಲು ಉಕ್ಕಿದರೆ ಓಡಲು ಅನುಕೂಲ. ಖಾಲಿ ಚೀಟಿ ಕೈಗೆ ಬಂತು. ಬಿಷಪ್ "ಮೌನವಾಗಿ ಪ್ರಾರ್ಥಿಸೋಣ" ಎಂದರು. ಎಲ್ಲರೂ ತಲೆ ತಗ್ಗಿಸಿದರು. ಹಿರಿಸೊಸೆಯೂ ಕಣ್ಣು ಮುಚ್ಚಿದಳು. ದೇವರು ಯಾರನ್ನೂ ತೋರಿಸಲಿಲ್ಲ. ಹೋದ ವರ್ಷ ಸ್ಪೀಕರಿನಲ್ಲಿ ನಡುಗಿದ್ದ ಧ್ವನಿ ಕಿವಿಯಲ್ಲಿ ಕೇಳಿಸಿತು, ಆಮೇಲೆ ಒಂದು ಬೆನ್ನು ಕಂಡಿತು. ಸುಕ್ಕುಗಟ್ಟಿದ, ಬಲಗಡೆ ಮಚ್ಚೆಯಿರುವ, ದಿನಾ ಒರೆಸಿ ಒರೆಸಿ ಕಣ್ಣುಮುಚ್ಚಿದರೂ ಗುರುತು ಸಿಗುವ ಬೆನ್ನು. ಅವಳು ಕಣ್ಣು ತೆರೆದು, ಎಡಗೈಯನ್ನು ಮರೆಯಾಗಿ ಹಿಡಿದು, ತನ್ನದೇ ಹೆಸರು ಬರೆದಳು. ಬರೆದು ಮಡಿಸಿದ ಮೇಲೆ ಕಿವಿ ಕಾದವು. ಕಳ್ಳತನ ಮಾಡಿದವರ ಹಾಗೆ ಚೀಟಿಯನ್ನು ಪೆಟ್ಟಿಗೆಗೆ ಹಾಕಿ ನೆಟ್ಟಗೆ ಅಡುಗೆಮನೆಗೆ ಹೋದಳು.

ಎಣಿಕೆ ಮುಗಿದು ಕಾರ್ಯದರ್ಶಿ ಓದುವಾಗ ಬಾಗಿಲ ಬಳಿ ಬಂದು ನಿಂತಳು. ವಕೀಲೆಗೆ ಎಲ್ಲರಿಗಿಂತ ಹೆಚ್ಚು ಓಟು ಬಿದ್ದಿತ್ತು. ಆದರೆ ಮೊದಲ ಸುತ್ತಿನಲ್ಲೇ ಗೆಲ್ಲಲು ಮುಕ್ಕಾಲು ಪಾಲು ಬೇಕು, ಅಷ್ಟು ಬಂದಿರಲಿಲ್ಲ. ಅವಳ ಹಿಂದೆ ಬ್ಯಾಂಕಿನ ನಿವೃತ್ತ ಮ್ಯಾನೇಜರು, ಇನ್ನೂ ಒಂದಿಷ್ಟು ಹೆಸರುಗಳು. ಕೊನೆಗೆ ಒಂದೊಂದೇ ಓಟು ಪಡೆದವರು. ಅವರಲ್ಲೂ ಕೊನೆಗೆ ಹಿರಿಸೊಸೆಯ ಹೆಸರು. ಕಾರ್ಯದರ್ಶಿ ಗುರುತು ಸಿಗದೆ ಅದನ್ನು ಎರಡು ಸಲ ಓದಿದ.

"ಯಾರಿದು?"

"ನಮ್ಮ ಕಾಫಿಯಕ್ಕ ಕಣ್ರೀ!"

"ಓಹೋ, ಕಾಫಿ ಚೆನ್ನಾಗಿತ್ತು ಅಂತ ಯಾರೋ ಕೃತಜ್ಞತೆ ಸಲ್ಲಿಸಿದ್ದಾರೆ!"

ಸಭೆ ನಕ್ಕಿತು. ಬಿಷಪ್ ಕೂಡ ಮುಗುಳ್ನಕ್ಕು ಅವಳಿಗೆ ತಲೆಬಾಗಿದರು. ಅವಳೂ ನಕ್ಕಳು. ನಗುತ್ತಲೇ ಸಾಲುಗಳ ಮೇಲೆ ಕಣ್ಣಾಡಿಸಿದಳು. "ನೀವಿಲ್ದಿದ್ರೆ ನಮ್ಮ ಸಭೆಗೆ ಕೈಕಾಲೇ ಇಲ್ಲ" ಎಂದು ವರ್ಷವಿಡೀ ಹೊಗಳಿದವರೆಲ್ಲ ಅಲ್ಲೇ ಕೂತಿದ್ದರು. ಅಷ್ಟು ಜನರಲ್ಲಿ ಒಬ್ಬರ ಪೆನ್ನಿಗೂ ಅವಳ ಹೆಸರು ಹೊಳೆದಿರಲಿಲ್ಲ. ಬಿದ್ದದ್ದು ಒಂದೇ, ಅದೂ ತಾನೇ ಹಾಕಿಕೊಂಡದ್ದು.

ವಿರಾಮ ಬಿಟ್ಟಿತು. ಕಪ್ಪುಗಳು ಹೋದವು, ಎಂಜಲಾಗಿ ಮರಳಿದವು. ಅವಳು ನಲ್ಲಿ ತಿರುಗಿಸಿ ತೊಳೆಯಲು ನಿಂತಾಗ ವಾರಗಿತ್ತಿ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಕ್ಕಾ, ಆ ಒಂದು ಓಟು ಯಾರದು ಗೊತ್ತಾ?"

ಹಿರಿಸೊಸೆ ತೊಳೆದ ಕಪ್ಪನ್ನೇ ಮತ್ತೆ ತೊಳೆದಳು. ಕೈಬರಹ ಕಂಡುಬಿಟ್ಟಳೇ?

"ನಂದು ಕಣೆ!" ವಾರಗಿತ್ತಿ ಅವಳ ಒದ್ದೆ ಕೈಯನ್ನೇ ಹಿಡಿದುಕೊಂಡಳು. "ಪ್ರಾರ್ಥನೆ ಮಾಡ್ತಿದ್ದಾಗ ನಿನ್ ಮುಖಾನೇ ಬಂತು. ನಿಜವಾಗ್ಲೂ ಸೇವೆ ಮಾಡೋಳು ನೀನಲ್ವಾ? ಬರೆದೇಬಿಟ್ಟೆ."

ಕಪ್ಪೊಂದನ್ನು ಒರೆಸುವಷ್ಟು ಹೊತ್ತು ಹಿರಿಸೊಸೆಯ ಹೊಟ್ಟೆಕಿಚ್ಚೆಲ್ಲ ಆರಿಹೋಯಿತು. ಅಯ್ಯೋ, ಇವಳ ಕಾಫಿಗಾ ನಾನು ಸಕ್ಕರೆ ಕದ್ದದ್ದು? ಕಪ್ಪು ಕೆಳಗಿಟ್ಟಾಗ ಲೆಕ್ಕ ನೆನಪಾಯಿತು. ಇವಳೂ ಬರೆದಿದ್ದರೆ ಎರಡಾಗಬೇಕಿತ್ತಲ್ಲ.

ಇವಳು ಬರೆದಿಲ್ಲ. ಬರೆದಿಲ್ಲವೆಂದು ಭೂಮಿಯ ಮೇಲೆ ಗೊತ್ತಿರುವುದು ಹಿರಿಸೊಸೆಗೊಬ್ಬಳಿಗೇ. ಬಾಯಿಬಿಟ್ಟರೆ ತನ್ನ ಮಾನವೇ ಹೋಗುತ್ತದೆ. ಬೆನ್ನು ಒರೆಸಿದ್ದನ್ನು ತೆಗೆದುಕೊಂಡಳು, ಈಗ ನನ್ನ ಒಂದು ಓಟನ್ನೂ ತೆಗೆದುಕೊಂಡಳು.

"ಏನೇ, ಖುಷಿ ಆಗ್ಲಿಲ್ವಾ?"

"ಆಯ್ತು."

"ಸರಿ, ಇದಕ್ಕೊಂದು ರುಜು ಹಾಕು." ವಕೀಲೆ ಚೀಲದಿಂದ ಹಿಂತೆಗೆತದ ಚೀಟಿ ತೆಗೆದಳು. ಹೆಸರು, ಸಭೆ ಎಲ್ಲ ಆಗಲೇ ತುಂಬಿತ್ತು. "ಒಂದೊಂದು ಓಟು ಬಿದ್ದೋರೆಲ್ಲ ಹಿಂದೆ ತಗೊಂಡ್ರು. ನೀನೊಬ್ಬಳು ಮುಂದಿನ ಸಾಲಲ್ಲಿ ಕೂತ್ರೆ ಜನ ಆಡ್ಕೋತಾರೆ ಅಕ್ಕಾ. ನಿಂಗೆ ನೋವಾಗೋದು ನಂಗಿಷ್ಟ ಇಲ್ಲ." ಹೊರಟವಳು ಬಾಗಿಲಲ್ಲಿ ತಿರುಗಿದಳು. "ಹಾಂ, ನಾನು ಗೆದ್ರೆ ಇನ್ಮೇಲೆ ಓಡಾಟ ಜಾಸ್ತಿ. ಮಕ್ಕಳು ರಾತ್ರಿ ಕೆಳಗೇ ಮಲಕ್ಕೊಳ್ಲಿ, ಆಯ್ತಾ? ಪಾಪ, ಅವಕ್ಕೂ ನೀನಂದ್ರೇನೇ ಇಷ್ಟ. ನೀನಿದ್ದೀಯಾ ಅಂತಾನೇ ನಂಗೆ ಧೈರ್ಯ ಕಣೆ."

ಚೀಟಿ ಕಟ್ಟೆಯ ಮೇಲೆ ಉಳಿಯಿತು, ಅದರ ಮೇಲೆ ವಕೀಲೆಯ ಪೆನ್ನು.

ಎರಡನೇ ಸುತ್ತಿಗೆ ಗಂಟೆ ಹೊಡೆಯಿತು. ತೊಟ್ಟಿಯ ತುಂಬ ಕಪ್ಪುಗಳು, ತಳದಲ್ಲಿ ಹೆಪ್ಪುಗಟ್ಟಿದ ಕಾಫಿ. ತಲೆಯ ಮೇಲಿನ ಸ್ಪೀಕರು ಗರಗರ ಎಂದು ಬಿಷಪ್ಪರ ಧ್ವನಿ ಬಂತು. "ಹೆಸರು ಉಳಿಸಿಕೊಂಡವರು ದಯವಿಟ್ಟು ಮುಂದೆ ಬನ್ನಿ. ಹಿಂತೆಗೆತದ ಚೀಟಿ ಇನ್ನು ಯಾರದಾದರೂ ಇದ್ದರೆ ಈಗಲೇ ಕೊಡಿ."

ಹಿರಿಸೊಸೆ ಪೆನ್ನು ಕೈಗೆತ್ತಿಕೊಂಡಳು. ಒಳ್ಳೆಯ ಪೆನ್ನು, ತೂಕವಾಗಿತ್ತು. ರುಜು ಹಾಕಿದರೆ ಕಪ್ಪು ತೊಳೆದು ಮನೆಗೆ ಹೋಗಬಹುದು, ಅತ್ತೆಯ ಮಧ್ಯಾಹ್ನದ ಮಾತ್ರೆಗೆ ಹೊತ್ತಾಗುತ್ತದೆ. ಹಾಕದಿದ್ದರೆ ಇಡೀ ಸಭೆಯ ಕಣ್ಣ ಮುಂದೆ ನಡೆದುಹೋಗಿ ಆಸೆಯಿದ್ದವಳೆಂದು ತೋರಿಸಿಕೊಂಡು ಕೂರಬೇಕು. ಮತ್ತೆ ಚೀಟಿ ಬರುತ್ತದೆ, ಮತ್ತೆ ಎಣಿಸುತ್ತಾರೆ, ಮತ್ತೆ ಗಟ್ಟಿಯಾಗಿ ಓದುತ್ತಾರೆ. ತನ್ನ ಹೆಸರನ್ನು ತಾನಂತೂ ಬರೆದೇ ಬರೆಯುತ್ತಾಳೆ. ವಾರಗಿತ್ತಿ ಆಡಿದ ಮಾತು ನಿಜವಾದರೆ ಈ ಸಲ ಎರಡಾಗಬೇಕು. ಒಂದೇ ಬಂದರೆ ಸಭೆ ಮತ್ತೆ ನಗುತ್ತದೆ, ನಗಲಿ. ಆದರೆ ಆ ಹೊತ್ತಿನಲ್ಲಿ ಮುಂದಿನ ಸಾಲಿನಲ್ಲಿ, ಮಗ್ಗುಲ ಕುರ್ಚಿಯಿಂದಲೇ, ವಾರಗಿತ್ತಿಯ ಮುಖ ನೋಡಬಹುದು.

ಅವಳು ನಲ್ಲಿ ನಿಲ್ಲಿಸಿದಳು. ರುಜುವಿಲ್ಲದ ಚೀಟಿಯನ್ನು ಕಟ್ಟೆಯ ಮೇಲಿನ ನೀರಿನಲ್ಲೇ ಬಿಟ್ಟಳು. ಸೊಂಟಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ಎಂಜಲು ಕಪ್ಪುಗಳ ಮೇಲೆ ಹೊದಿಸಿದಳು. ಪೆನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡು, ಸೀರೆಯ ನೆರಿಗೆ ಸರಿಮಾಡಿ, ಬಾಗಿಲು ತಳ್ಳಿ, ಮುಂದಿನ ಸಾಲಿನ ಕಡೆಗೆ ನಡೆದಳು.