ವಾರಿಜಾಳ ಟ್ರೇಸರ್, ಸೇತುರಾಮರ ಬೈ-ಟೂ

ವಾರಿಜಾಳಿಗೆ ಸಿಟ್ಟು ಜಾಸ್ತಿ ಎಂದು ತಲಘಟ್ಟಪುರದ ಆಚೆಯ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಹೇಳುತ್ತಾರೆ. ಜಾಸ್ತಿಯೇ, ಅನುಮಾನವಿಲ್ಲ. ಆದರೆ ಅದನ್ನು ಬರಿಸಿದವರು ಯಾರು ಅಂತ ಒಬ್ಬರಾದರೂ ಕೇಳಬೇಕಲ್ಲ?

ಅವಳು ರಸಾಯನ ವಿಜ್ಞಾನಿ. ತ್ಯಾಗರಾಜನಗರದ ಮನೆಯಲ್ಲಿ ಹಾಲಿನವನು ಬರುವ ಮೊದಲೇ ಎದ್ದು ಹೊರಟು, ವರ್ಷಗಟ್ಟಲೆ ಒಂದು ಟ್ರೇಸರ್ ಮಾಡುವುದಕ್ಕೆ ಹೆಣಗಿದವಳು. ಟ್ರೇಸರ್ ಅಂದರೆ ತುಸುವೇ ವಿಕಿರಣ ಸೂಸುವ ಮದ್ದು. ರಕ್ತಕ್ಕೆ ಚುಚ್ಚಿದರೆ ಅದು ಮಿದುಳಿಗೆ ಹೋಗಿ ಅಲ್ಲಿನ ಜೀವಕೋಶಗಳಿಗೆ ಅಂಟಿಕೊಂಡಿರುವ ಗೂಡುಗಳಂಥ ಒಂದು ಬಗೆಯ ರಿಸೆಪ್ಟರ್‌ಗಳ ಮೇಲೆ ಕೂರಬೇಕು. ಕೂತ ಜಾಗವೆಲ್ಲ ಸ್ಕ್ಯಾನಿನಲ್ಲಿ ಬೆಳಗಬೇಕು. ಆಗ ಪಾರ್ಕಿನ್ಸನ್ ಕಾಯಿಲೆಯವರ ಮಿದುಳಿನಲ್ಲಿ ಆ ರಿಸೆಪ್ಟರ್‌ಗಳು ಏನಾಗುತ್ತಿವೆ ಎಂದು ಬದುಕಿರುವಾಗಲೇ ನೋಡಬಹುದು. ಮದ್ದಿನ ಆಯಸ್ಸು ಮಾತ್ರ ಕಡಿಮೆ. ಇಪ್ಪತ್ತು ನಿಮಿಷಕ್ಕೆ ಅರ್ಧ ಶಕ್ತಿ ಸೋರಿಹೋಗುತ್ತದೆ, ಹಾಗಾಗಿ ಪಕ್ಕದ ಕೋಣೆಯಲ್ಲೇ ಮಾಡಿ, ಪರೀಕ್ಷಿಸಿ, ಓಡಿಬಂದು ಕೊಡಬೇಕು.

ಇನ್ನೊಂದು ತೊಡಕೂ ಇತ್ತು. ಕಾಫಿಯೊಳಗಿನ ಕೆಫೀನ್ ಹೋಗಿ ಕೂರುವುದೂ ಅದೇ ಜಾಗದಲ್ಲಿ. ಅದು ಮೊದಲೇ ಕೂತುಬಿಟ್ಟರೆ ಮದ್ದಿಗೆ ಜಾಗವಿಲ್ಲ. ಆದ್ದರಿಂದ ಸ್ಕ್ಯಾನಿಗೆ ಬರುವವರು ಹಿಂದಿನ ದಿನದಿಂದಲೇ ಕಾಫಿ ಮುಟ್ಟುವಂತಿಲ್ಲ. ಜಯನಗರ, ಬನಶಂಕರಿಯ ಜನಕ್ಕೆ ಈ ಮಾತು ಹೇಳಿ ನೋಡಿ, ಊಟ ಬಿಡಿ ಅಂದರೆ ಬಿಟ್ಟಾರು. ಆದರೂ ವಾರಿಜಾ ಒಬ್ಬೊಬ್ಬರಿಗೂ ಕೈಮುಗಿದು ಒಪ್ಪಿಸಿದ್ದಳು.

ಮೊದಲ ಇಬ್ಬರ ಸ್ಕ್ಯಾನು ಮಬ್ಬಾಗಿ ಬಂತು. ಅವಳು ತನ್ನ ಕೈಯನ್ನೇ ಅನುಮಾನಿಸಿದಳು. ಮದ್ದು ಮಾಡುವ ಕ್ರಮವನ್ನೆಲ್ಲ ಮೊದಲಿನಿಂದ ತಿದ್ದಿದಳು, ನಿದ್ದೆಗೆಟ್ಟಳು. ವಿಭಾಗದ ಮುಖ್ಯಸ್ಥ ಡಾಕ್ಟರ್ ಸೇತುರಾಮ ಮೆಲ್ಲಗೆ, "ಮೂರನೇದೂ ಹೀಗೇ ಬಂದ್ರೆ ಇದನ್ನ ಮುಚ್ಚಿಬಿಡೋಣ" ಅಂದರು. ಸೇತುರಾಮರು ಯಾವತ್ತೂ ದನಿ ಎತ್ತಿದವರಲ್ಲ. ಅವಳ ಮೈ ಉರಿಸುತ್ತಿದ್ದದ್ದೂ ಅದೇ.

ಮೂರನೆಯವರು ಪುಟ್ಟೇನಹಳ್ಳಿಯ ಚಿಕ್ಕಬೈರಪ್ಪ. ಹಿಂದೆ ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆ ಕಟ್ಟಿಸಿಕೊಂಡವರು. ಅವರ ಅಣ್ಣ ಹನುಮಯ್ಯ ಇದೇ ಪಾರ್ಕಿನ್ಸನ್ ಬಂದು, ಲೋಟ ಬಾಯಿಗೆ ತರಲಾಗದೆ ನವೆದು ಸತ್ತಿದ್ದರು. "ನಮ್ಮಣ್ಣನ್‌ಗಂತೂ ಏನೂ ಆಗ್ಲಿಲ್ಲ ಮೇಡಂ, ಮುಂದಿನೋರ್ಗಾದ್ರೂ ಆಗ್ಲಿ" ಎಂದು, ತಮಗೆ ಆ ಕಾಯಿಲೆ ಇಲ್ಲದಿದ್ದರೂ ತಾವಾಗಿ ಬಂದಿದ್ದರು.

ಅವರ ಸ್ಕ್ಯಾನೂ ಮಬ್ಬು.

"ಆಯ್ತು ಬಿಡಿ ವಾರಿಜಾ. ಮುಚ್ತೀವಿ ಅಂತ ನಾಳೆ ಕೇಂದ್ರದ ಕಮಿಟಿಗೆ ಹೇಳ್ಬಿಡ್ತೀನಿ. ಮನಸ್ಸಿಗೆ ಹಚ್ಕೋಬೇಡಿ" ಎಂದು ಹೇಳಿ ಸೇತುರಾಮರು ತಮ್ಮ ಕೋಣೆಗೆ ಹೋದರು. ವಾರಿಜಾ ಹೊರಗೆ ಬಂದು ಚಿಕ್ಕಬೈರಪ್ಪನವರನ್ನು, ಕಾಫಿಯಿಲ್ಲದೆ ತಲೆನೋವು ಬಂತೇ ಎಂದು ಕೇಳಿದಳು.

"ಬೆಳಿಗ್ಗೆ ಸಿಡೀತಿತ್ತು. ಇಲ್ಲಿಗ್ ಬಂದ್ಮೇಲೆ ಹೋಯ್ತು. ನಿಮ್ ದೊಡ್ಡ ಸಾಹೇಬ್ರು ಬಾಳ ಒಳ್ಳೇವ್ರು. ನಾ ಬ್ಯಾಡ ಅಂದೆ. ಬೈ-ಟೂ ತಾನೇ, ಒಂದ್ರಲ್ಲೇ ಇಬ್ರಿಗೆ ಅರ್ಧರ್ಧ, ಏನೂ ಆಗಲ್ಲ ಅಂತ ಅವ್ರ ಫ್ಲಾಸ್ಕಿಂದ್ಲೇ ಬಗ್ಸಿದ್ರು. ಕಾಯೋ ಹೊತ್ಗೆ ಮೂರ್ ಬೈ-ಟೂ ಆಯ್ತು."

ವಾರಿಜಾ ಬಾಗಿಲು ತಟ್ಟದೆ ಸೇತುರಾಮರ ಕೋಣೆಗೆ ನುಗ್ಗಿದಳು. ಮೇಜಿನ ಮೇಲೆ ಫ್ಲಾಸ್ಕು, ಎರಡು ಸ್ಟೀಲ್ ಲೋಟ.

"ಅವ್ರಿಗೆ ಕಾಫಿ ಕೊಟ್ರಾ ಸಾರ್?"

"ಬೈ-ಟೂ ಕಣ್ರೀ. ವಯಸ್ಸಾದೋರು, ಬಾಗಿಲಿಗೆ ಬಂದವರನ್ನ ಒಣಬಾಯಲ್ಲಿ ಕೂರಿಸೋಕಾಗತ್ತಾ? ಹಿಂದಿನ ಇಬ್ಬರಿಗೂ ಕೊಟ್ಟಿದ್ದೆ. ಯಾರಿಗೂ ಏನೂ ಆಗಿಲ್ವಲ್ಲ."

ಹಿಂದಿನ ಇಬ್ಬರಿಗೂ. ಆ ಮಬ್ಬು ಸ್ಕ್ಯಾನುಗಳಿಗೆ ಅವಳು ದೂರಿದ್ದು ತನ್ನ ಕೈಯನ್ನು.

"ಕಾಫಿ ಕೊಡಬಾರದು ಅನ್ನೋ ನಿಯಮಕ್ಕೆ ಸಹಿ ಹಾಕಿದ್ದು ನೀವು. ಕೊಟ್ಟಿದ್ದೂ ನೀವು. ಮುಚ್ಚಿಬಿಡೋಣ ಅಂದಿದ್ದೂ ನೀವೇ. ಆ ಮದ್ದಿಗೆ ನಾನು ಜೀವ ತೇಯ್ದಿದ್ದೀನಿ ಸಾರ್. ಆ ಮೂರು ಜನ ಸುಮ್ಮಸುಮ್ಮನೆ ವಿಕಿರಣ ತಗೊಂಡಿದ್ದಾರೆ. ನಿಮಗೆ ಅದು ಮರ್ಯಾದೆ, ಉಪಚಾರ."

"ಇಷ್ಟು ಸಣ್ಣದಕ್ಕೆ ಇಷ್ಟು ಕೋಪ ಒಳ್ಳೇದಲ್ಲ. ಕೂತ್ಕೊಳ್ಳಿ, ಒಂದ್ ಕಾಫಿ ಕುಡಿಯೋಣ" ಎಂದು ಸೇತುರಾಮರು ಫ್ಲಾಸ್ಕಿಗೆ ಕೈ ಹಾಕಿದರು.

ಅವಳು ಫ್ಲಾಸ್ಕನ್ನು ಕಿತ್ತುಕೊಂಡು ಹೊರನಡೆದಳು. ಮರುದಿನ ಕಮಿಟಿಯವರ ಎದುರು ಅದನ್ನೇ ಮೇಜಿನ ಮೇಲಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಇನ್ನೊಂದು ಸ್ಕ್ಯಾನಿಗೆ ಒಪ್ಪಿಗೆ ಸಿಕ್ಕಿತು, ಅದೇ ಕೊನೆಯದು.

ಚಿಕ್ಕಬೈರಪ್ಪನವರ ಹತ್ತಿರ ಮತ್ತೆ ಕೇಳಲು ಅವಳಿಗೆ ನಾಚಿಕೆಯಾಯಿತು. ಅವರೇ, "ತಪ್ಪು ನಂದೂ ಐತೆ, ಬತ್ತೀನಿ" ಅಂದರು. ಎರಡು ಸ್ಕ್ಯಾನುಗಳ ನಡುವೆ ನಿಯಮ ಹೇಳುವಷ್ಟು ಕಾಲ ಬಿಟ್ಟು, ಕಾಫಿಯ ವಾಸನೆಯೂ ಸೋಕದೆ, ತಲೆಗೆ ಟವೆಲ್ ಬಿಗಿದುಕೊಂಡು ಬಂದರು. ವಾರಿಜಾ ಅವರನ್ನು ಕಾಯುವ ಕೋಣೆಯಲ್ಲಿ ಒಬ್ಬರನ್ನೇ ಬಿಡಲಿಲ್ಲ.

ಈ ಸಲ ಪರದೆಯ ಮೇಲೆ ಮಿದುಳಿನ ನಡುಭಾಗ ಎರಡೂ ಕಡೆ ನಿಚ್ಚಳವಾಗಿ ಬೆಳಗಿತು. ವಾರಿಜಾಳ ಹಿಂದೆ ನಿಂತಿದ್ದ ಸೇತುರಾಮರು, "ನೋಡಿದ್ರಾ, ನಮ್ಮ ಟ್ರೇಸರ್ ಕೆಲಸ ಮಾಡ್ತು" ಅಂದರು. ನಮ್ಮದಂತೆ.

ವಾರಿಜಾ ಕ್ಯಾಂಟೀನಿಗೆ ತಾನೇ ಹೋಗಿ ಕಾಫಿ ತಂದಳು. ಚಿಕ್ಕಬೈರಪ್ಪ ಲೋಟ ಕೈಗೆ ತೆಗೆದುಕೊಂಡು, ಎದುರಿಗೆ ನಿಂತಿದ್ದ ಸೇತುರಾಮರನ್ನು ಕಂಡು, "ಇನ್ನೊಂದ್ ಲೋಟ ತರ್ಸಿ ಮೇಡಂ, ಸಾಹೇಬ್ರಿಗೂ ಬೈ-ಟೂ ಮಾಡಾಣ" ಅಂದರು.

ಸೇತುರಾಮರು ನಗುತ್ತ ಮುಂದೆ ಬಂದರು.

"ಬೇಡ" ಅಂದಳು ವಾರಿಜಾ, ಚಿಕ್ಕಬೈರಪ್ಪನವರಿಗೆ. "ಇದು ಪೂರ್ತಿ ನಿಮ್ಮೊಬ್ಬರದೇ. ನನ್ನೆದುರಿಗೇ ಕುಡೀರಿ."