ಅಕ್ಕನಿಗೊಂದು ಹುರಿಯುವ ಮಿಷನ್ನು

ಕಾಫಿಪುಡಿ ಅಂಗಡಿಯವರು ನನ್ನ ಅಕ್ಕನಿಗೆ ಇಟ್ಟ ಹೆಸರು ‘ಶ್ ಅಕ್ಕ’. ಮೂವತ್ತೊಂದು ವರ್ಷ ಅವಳು ಅಲ್ಲಿ ದೊಡ್ಡ ಡ್ರಮ್ಮಿನ ಪಕ್ಕ ನಿಂತು ಬೀಜ ಹುರಿದಳು. ಕಾಫಿಬೀಜ ಕಾದಾಗ ಎರಡು ಸಲ ಸಿಡಿಯುತ್ತದೆ. ಮೊದಲನೆಯದು ಕಡ್ಡಿ ಮುರಿದ ಹಾಗೆ ಜೋರು. ಎರಡನೆಯದು ತೀರಾ ಸಣ್ಣದು, ಅದು ಶುರುವಾದ ಕೂಡಲೇ ಬೀಜ ಹೊರಗೆ ಸುರಿಯಬೇಕು. ಆ ಹೊತ್ತಿಗೆ ಅಕ್ಕ ತೋರುಬೆರಳೆತ್ತಿ ‘ಶ್’ ಅಂದರೆ ಇಡೀ ಅಂಗಡಿ ಬಾಯಿ ಮುಚ್ಚಬೇಕಿತ್ತು. ಮಾಲೀಕನೂ ಫೋನಿನಲ್ಲಿ ಅರ್ಧ ಮಾತಿಗೇ ನಿಲ್ಲಿಸುತ್ತಿದ್ದ.

“ವಾಸನೆ ನಂಬಬಾರದು ಕಣೋ, ಅದು ಕೆಟ್ಟ ಮೇಲೆ ಬಂದು ಹೇಳುತ್ತೆ. ಸದ್ದು ಮುಂಚೇನೇ ಹೇಳುತ್ತೆ” ಅನ್ನುತ್ತಿದ್ದಳು. ಕಾಫಿ ವಿಷಯದಲ್ಲಿ ಅವಳಿಗೆ ಯಾರ ದಾಕ್ಷಿಣ್ಯವೂ ಇರಲಿಲ್ಲ. ಮಾಲೀಕನ ಮನೆಯಲ್ಲೇ ಒಂದು ಗುಟುಕು ಕುಡಿದು, “ಸೀದಿದೆ” ಎಂದು ಲೋಟ ಕೆಳಗಿಟ್ಟು ಎದ್ದು ಬಂದವಳು.

ಆ ಅಂಗಡಿ ಕಾಯಮ್ಮಾಗಿ ಮುಚ್ಚಿದ ಮೇಲೆ ಅವಳು ನಮ್ಮ ಮನೆಗೇ ಇರಲು ಬಂದಳು. ಬಾಣಲೆಯಲ್ಲಿ ಹುರಿದು ನೋಡಿದಳು. ಮನೆ ತುಂಬ ಹೊಗೆ, ಬೀಜ ಅರ್ಧ ಕಪ್ಪು, ಅರ್ಧ ಹಸಿ. “ಮನೇಲಿ ಹುರಿಯೋಕೆ ಸಣ್ಣ ಮಿಷನ್ನು ಬರುತ್ತಂತಲ್ಲ, ಒಂದು ನೋಡಿ ಕೊಡಿಸೋ. ಸುಮ್ಮನೆ ಕೂತು ಕೂತು ಕೈ ಜಡ್ಡು ಹಿಡೀತಿದೆ” ಅಂದಳು. ಜೀವಮಾನದಲ್ಲಿ ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಕೇಳಬಾರದವನನ್ನು ಕೇಳಿದಳು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಮೂರು ಸಲ ತೂಗಿ ನೋಡದೆ ಯಾವುದಕ್ಕೂ ಮುದ್ರೆ ಒತ್ತಿದವನಲ್ಲ.

ಮೊದಲ ದಿನವೇ ಪಾತ್ರೆ ಅಂಗಡಿಯಲ್ಲಿ ಅವಳ ಮನಸ್ಸಿಗೆ ಹಿಡಿಸಿದ್ದು ಸಿಕ್ಕಿತು. ಒಲೆಯ ಮೇಲಿಟ್ಟು ಕೈಯಲ್ಲಿ ತಿರುಗಿಸುವ, ಮೈತುಂಬ ತೂತಿರುವ ಉಕ್ಕಿನ ಡಬ್ಬ. ಅಂಗಡಿಯವನು ತೋರಿಸಲು ಒಂದು ಹಿಡಿ ಬೀಜ ಹಾಕಿದ. ಅಕ್ಕ ಅವನ ಕೈಯಿಂದ ಹಿಡಿಕೆ ಕಿತ್ತುಕೊಂಡು ತಾನೇ ತಿರುಗಿಸಿದಳು, ಬೆರಳೆತ್ತಿದಳು, ಸರಿಯಾದ ಹೊತ್ತಿಗೆ ಸುರಿದಳು. ಒಂದು ಬೀಜ ಕಚ್ಚಿ, “ಇದೇ ಸಾಕು ಕಣೋ” ಅಂದಳು.

“ತಡಿಯೇ, ಇದಕ್ಕೆ ಶಾಖ ತೋರಿಸೋ ಮುಳ್ಳೂ ಇಲ್ಲ. ಇನ್ನೂ ನಾಲ್ಕು ನೋಡೋಣ” ಅಂದೆ. ಅವಳು ಹಿಡಿಕೆಯನ್ನು ಮೆಲ್ಲಗೆ ಅಂಗಡಿಯವನಿಗೆ ಕೊಟ್ಟಳು.

ಆಮೇಲೆ ನಾನು ನೋಡಿದ್ದೇ ನೋಡಿದ್ದು. ಬಿಸಿಗಾಳಿಯ ಮಿಷನ್ನು ಸಮನಾಗಿ ಹುರಿಯುತ್ತಿತ್ತು, ಆದರೆ ಸಲಕ್ಕೆ ಒಂದು ಹಿಡಿ ಮಾತ್ರ. ಕರೆಂಟಿನ ಡ್ರಮ್ಮು ಕಾಲು ಕಿಲೋ ಹುರಿಯುತ್ತಿತ್ತು, ಆದರೆ ಬೀಜ ಆರಿಸಲು ಬೇರೆ ಫ್ಯಾನ್ ಬೇಕಿತ್ತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದೆ. “ನನ್ನನ್ನ ಒಪ್ಪೋಕೆ ಕಾಲು ಗಂಟೆ ತಗೊಂಡ್ರಿ. ಒಂದು ಡಬ್ಬಕ್ಕೆ ಒಂದು ವರ್ಷಾನಾ?” ಎಂದು ಹೆಂಡತಿ ಕಾಲೆಳೆದಳು.

ವರ್ಷ ತುಂಬುವ ಹೊತ್ತಿಗೆ ಅಕ್ಕ ಒಂದು ಹೊಸ ದೂರು ತೆಗೆದಳು. ಬಿಸಿಗಾಳಿಯದನ್ನು ತಂದು ತೋರಿಸಿದರೆ, “ಇದು ಮಾತಾಡಲ್ಲ ಕಣೋ” ಅಂದಳು. ಕಿವಿಯಿಟ್ಟು ನೋಡಿದೆ. ಫ್ಯಾನಿನ ಸದ್ದು ಜೋರಾಗಿಯೇ ಇತ್ತು, ಸಿಡಿತ ಅದರಲ್ಲಿ ಮುಚ್ಚಿಹೋಗುತ್ತೆ ಎಂದು ಬರೆದುಕೊಂಡೆ. ಡ್ರಮ್ಮಿಗೂ ಅದೇ ಮಾತು. ಅದರ ಗಾಜು ದಪ್ಪ, ಅದನ್ನೂ ಬರೆದುಕೊಂಡೆ. “ಅತ್ತಿಗೆ ಈಚೆಗೆ ಟೀವಿ ಯಾಕೋ ಜೋರಾಗಿಡ್ತಾರೆ” ಎಂದು ಹೆಂಡತಿ ಹೇಳಿದ್ದಳು. ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ ಸೋತು, ಮೊದಲ ದಿನ ನೋಡಿದ ಆ ಡಬ್ಬವನ್ನೇ ತಂದೆ. ಶನಿವಾರ ಬೆಳಿಗ್ಗೆ ಒಲೆ ಹಚ್ಚಿ ಅಕ್ಕ ಹೊಸ ಸೀರೆ ಉಟ್ಟವಳಂತೆ ನಿಂತಳು. ಮೊದಲ ಸಿಡಿತ ಆಯಿತು. ಬೆರಳು ಮೇಲೆ ಹೋಯಿತು. ನಾನೂ ಹೆಂಡತಿಯೂ ಉಸಿರು ಬಿಗಿಹಿಡಿದೆವು. ಸ್ವಲ್ಪ ಹೊತ್ತಿಗೆ ಚಿಟಿಚಿಟಿ ಎಂದು ಎರಡನೆಯದು, ನನ್ನಂಥವನಿಗೂ ಕೇಳಿಸುವಷ್ಟು ಸ್ಪಷ್ಟವಾಗಿ. ಅಕ್ಕನ ಬೆರಳು ಎತ್ತಿದ್ದು ಎತ್ತಿದಂತೆಯೇ ಇತ್ತು. ಕೈ ತಿರುಗಿಸುತ್ತಲೇ ಇತ್ತು.

“ಅಕ್ಕಾ!” ಎಂದು ಕೂಗಿದೆ. ಹೊಗೆ ಎದ್ದಮೇಲೆ ಅವಳು ನನ್ನ ಮುಖ ನೋಡಿದಳು, ಡಬ್ಬ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. “ಆವತ್ತು ಅಂಗಡೀಲಿ ಇದು ಮಾತಾಡ್ತಿತ್ತಲ್ಲೋ” ಅಂದಳು.

ದೊಡ್ಡ ಡ್ರಮ್ಮಿನ ಗದ್ದಲದಲ್ಲಿ ವರ್ಷಗಟ್ಟಲೆ ನಿಂತ ಕಿವಿ, ಸಣ್ಣ ಸದ್ದು ಮೊದಲು ಹೋಗುತ್ತೆ, ಹೋದದ್ದು ವಾಪಸ್ಸು ಬರಲ್ಲ ಎಂದರು ಕಿವಿ ಡಾಕ್ಟರು. ಕಿವಿಗೆ ಮಿಷನ್ನು ಹಾಕಿಸಿದೆವು. ಮಾತು ಕೇಳುತ್ತದೆ, ಆದರೆ ಒಲೆಯ ಸದ್ದೂ ಬೀಜದ ಸದ್ದೂ ಒಂದೇ ಆಗಿಬಿಡುತ್ತವಂತೆ. ಊರಿನ ತಕ್ಕಡಿಗಳ ಹುಳುಕು ಹುಡುಕಿದವನಿಗೆ ಮನೆಯೊಳಗಿನದು ಕಾಣಲಿಲ್ಲ. ಅವಳಿಗೆ ಕೇಳುತ್ತಿದ್ದ ಕೊನೆಯ ಹದಿನಾಲ್ಕು ತಿಂಗಳನ್ನು ನಾನು ತಿಂದುಹಾಕಿದೆ. ಅದಕ್ಕೆ ನನಗೆ ಕ್ಷಮೆ ಇಲ್ಲ.

ಈಗ ಶನಿವಾರ ಅವಳು ತಿರುಗಿಸುತ್ತಾಳೆ, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ಅವಳ ಭುಜ ಮುಟ್ಟುತ್ತೇನೆ. ಅಭ್ಯಾಸಬಲದಿಂದ ಅವಳು ಈಗಲೂ ಬೆರಳೆತ್ತುತ್ತಾಳೆ. ನನ್ನದು ಯಾವಾಗಲೂ ಒಂದು ಕ್ಷಣ ತಡ. ಕಳೆದ ವಾರವಂತೂ ಕಾಫಿ ಬಾಯಿಗಿಟ್ಟ ಕೂಡಲೇ ಕಹಿ ನೆತ್ತಿಗೇರಿತು. ಹೆದರಿ ಅವಳ ಕಡೆ ನೋಡಿದೆ.

ಅಕ್ಕ ಲೋಟವನ್ನು ತಳ ಕಾಣುವವರೆಗೆ ಕುಡಿದಳು. “ಚೆನ್ನಾಗಿದೆ ಕಣೋ” ಅಂದಳು. ಕಾಫಿಯ ವಿಷಯದಲ್ಲಿ ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.