ನಾನು ನಿಂತ ಜಾಗದಲ್ಲಿ ಮೃದಂಗ

ಬೆಂಗಳೂರಿಗೆ ಬಂದ ಮೊದಲ ವಾರವೇ ಒಬ್ಬ ಹೆಂಗಸು ನನ್ನ ಪಿಟೀಲಿನ ಪೆಟ್ಟಿಗೆ ನೋಡಿ, "ನಿಮ್ಮ ಹಾಡೋರು ಎಲ್ಲಿ?" ಎಂದು ಕೇಳಿದರು. ನಿನ್ನ ಗಂಡ ಎಲ್ಲಿ ಎಂದು ಕೇಳುವ ಅದೇ ಧಾಟಿ. ನಾನು ಕುರುಬರಹಳ್ಳಿಯಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ, ಕೇಳಿದವರು ಮನೆಯ ಯಜಮಾನಿ ಜಯಮ್ಮ.

"ಯಾರೂ ಇಲ್ರೀ, ನಾ ಒಬ್ಬಾಕೀನ ಬಾರಸ್ತೀನಿ" ಎಂದೆ.

"ಅಯ್ಯೋ ಪಾಪ" ಎಂದರು. ಮನೆ ಕೊಟ್ಟರು.

ಆಮೇಲೆ ತಿಳಿಯಿತು. ಇಲ್ಲಿ ಪಿಟೀಲು ಎಂದರೆ ಪಕ್ಕವಾದ್ಯ, ಹಾಡುವವರ ಪಕ್ಕದಲ್ಲಿ ಕೂತು ಅವರನ್ನು ಹಿಂಬಾಲಿಸುವ ವಾದ್ಯ. ನಮ್ಮ ಧಾರವಾಡದಲ್ಲಿ ಒಬ್ಬಳೇ ಕೂತು ಎರಡು ತಾಸು ನುಡಿಸಿದರೂ ಯಾರೂ ಪಾಪ ಎನ್ನುವುದಿಲ್ಲ. ನಾನು ಸ್ವಂತ ರಚನೆ ಮಾಡುತ್ತೇನೆ ಎಂದಾಗ ಜಯಮ್ಮನಿಗೆ ಇನ್ನಷ್ಟು ಗಾಬರಿಯಾಯಿತು. "ಯಾವ ದೇವ್ರ ಮೇಲೆ?" ಎಂದರು. ಪದಗಳಿಲ್ಲ, ಬರೀ ನಾದ ಎಂದೆ. "ಪದ ಇಲ್ದಿದ್ರೆ ತನ್ ಮೇಲೆ ಮಾಡಿರೋದು ಅಂತ ದೇವ್ರಿಗೆ ಹೆಂಗ್ ಗೊತ್ತಾಗತ್ತೆ?"

ಕನ್ನಡದ ಊರಿನಿಂದ ಕನ್ನಡದ ಊರಿಗೆ ಬಂದವಳಿಗೆ ಏನು ಕಷ್ಟ ಎನ್ನುತ್ತೀರಿ. ನಾನು ಬಾಯಿ ತೆರೆದರೆ ಅಂಗಡಿಯವನು "ಯಾಕ್ ಮೇಡಂ ರೇಗ್ತೀರಾ?" ಎನ್ನುತ್ತಾನೆ. ಊರಿಗೆ ಫೋನ್ ಮಾಡಿದರೆ ತಂಗಿ "ಯಾಕ ಇಷ್ಟ ಮೆತ್ತಗ ಮಾತಾಡ್ಲಿಕತ್ತಿ, ಆರಾಮಿಲ್ಲೇನ?" ಎನ್ನುತ್ತಾಳೆ. ಬೆಳಿಗ್ಗೆ ಸಾಧನೆಗೆ ಕೂತರೆ ಪಕ್ಕದ ಮನೆಯ ಕುಕ್ಕರ್ ನನ್ನ ಷಡ್ಜಕ್ಕಿಂತ ಒಂಚೂರು ಮೇಲೆ ಕೂಗುತ್ತದೆ. ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿದ್ದಾರೆ, ಯಾರನ್ನು ಬೈಯಲಿ? ಬಸವೇಶ್ವರನಗರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ಸಂಜೆ ಬಂದರೆ ಮಾತಾಡಲು ಒಂದು ನರಪಿಳ್ಳೆಯೂ ಇರುವುದಿಲ್ಲ. ಮೊದಮೊದಲು ಬಹಳ ಅತ್ತಿದ್ದೇನೆ.

ಅಂಥ ಸಂಜೆಗಳಲ್ಲಿ ಆ ರಚನೆ ಹುಟ್ಟಿತು. ನಾನು ಬೆಂಗಳೂರಿಗೆ ಹೊರಡುವ ಮುಂಚಿನ ವರ್ಷ ತೀರಿಕೊಂಡ ನನ್ನ ಗುರುಗಳಿಗಾಗಿ ಮಾಡಿದ್ದು. ಅವರು ನುಡಿಸುವುದು ಮುಗಿಸಿ ಪಿಟೀಲಿನ ಕಮಾನು ಕೆಳಗಿಟ್ಟ ಮೇಲೆ ಕೋಣೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಅವರೇ ಕೆಮ್ಮಿ, "ಛಾ ತರ್ರಿ" ಎನ್ನುವವರೆಗೆ ಹಾಗೇ ಕೂತಿರುತ್ತಿದ್ದೆವು. ಆ ಮೌನವನ್ನು ರಚನೆಯ ಕೊನೆಯ ಭಾಗದಲ್ಲಿ ಇಟ್ಟಿದ್ದೆ. ದ್ರುತದ ವೇಗದಲ್ಲಿ ಏರುತ್ತ ಹೋಗಿ ತಟ್ಟನೆ ನಿಲ್ಲುವುದು, ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಒಂದೇ ಒಂದು ಸ್ವರ. ನನ್ನದು ಎಂದು ಹೇಳಿಕೊಳ್ಳಬಹುದಾದ ಮೊದಲ ಕೆಲಸ ಅದು. ಈ ಊರು ಅದನ್ನು ಸಂಗೀತ ಎಂದು ಒಪ್ಪಿಕೊಳ್ಳಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಇತ್ತು.

ರಾಮನವಮಿಗೆ ನಮ್ಮ ಬೀದಿಯ ಚಪ್ಪರದಲ್ಲಿ ನುಡಿಸುವ ಅವಕಾಶವನ್ನು ಜಯಮ್ಮನೇ ಕೊಡಿಸಿದರು. ನನಗೆ ತಂಬೂರಿ ಒಂದೇ ಸಾಕಿತ್ತು. ಉತ್ಸವದ ಸಮಿತಿಯವರು ಒಪ್ಪಲಿಲ್ಲ. "ಮೃದಂಗ ಇಲ್ದೆ ಕಛೇರಿನಾ ಮೇಡಂ? ತಮಾಷೆ ಮಾಡ್ಬೇಡಿ." ಹಾಗಾಗಿ ಮಂಜುನಾಥ್ ಎಂಬ ಹಿರಿಯರು ಬಂದು ನನ್ನ ಬಲಕ್ಕೆ ಕೂತರು. ಇಲ್ಲಿ ಎಷ್ಟೋ ಸಲ ಪಕ್ಕವಾದ್ಯದವರು ವೇದಿಕೆಯ ಮೇಲೆಯೇ ಮೊದಲ ಸಲ ಮುಖ ನೋಡುವುದು. ಕೊನೆಯ ಭಾಗದಲ್ಲಿ ನಾನು ಪೂರ್ತಿ ನಿಂತುಬಿಡುತ್ತೇನೆ ಎಂದು ಅವರ ಕಿವಿಯಲ್ಲಿ ಹೇಳಿದೆ. "ಗೊತ್ತು ಬಿಡಿ ಮೇಡಂ, ನೀವ್ ಆರಾಮಾಗಿ ನುಡ್ಸಿ" ಎಂದರು.

ಮೊದಲ ಭಾಗಕ್ಕೆ ತಾಳವಿಲ್ಲ. ಮುಂದಿನ ಸಾಲಿನ ಯಜಮಾನರೆಲ್ಲ ತೊಡೆ ತಟ್ಟಲು ಕೈಯೆತ್ತಿ, ಎಲ್ಲಿ ಇಳಿಸುವುದೋ ತಿಳಿಯದೆ, ಕೊನೆಗೆ ಕೋಸಂಬರಿಯ ದೊನ್ನೆ ಹಿಡಿದುಕೊಂಡರು. ದ್ರುತ ಬಂತು, ತಲೆಗಳು ಆಡಿದವು. ನಾನು ಏರಿದೆ, ನಿಂತೆ. ಗುರುಗಳ ಕೋಣೆ ಕಣ್ಣಮುಂದೆ ಬಂತು.

ಅಷ್ಟರಲ್ಲಿ ಮೃದಂಗ ಶುರುವಾಯಿತು.

ಇಲ್ಲಿಯ ಕಛೇರಿಯಲ್ಲಿ ತನಿ ಆವರ್ತನ ಎಂಬುದೊಂದಿದೆ. ಮುಖ್ಯ ಕಲಾವಿದರು ನಿಲ್ಲಿಸಿ ಜಾಗ ಬಿಟ್ಟಾಗ ಮೃದಂಗ ಒಂದೇ ನುಡಿಯುತ್ತದೆ. ನಾನು ನಿಂತೆ, ಅವರು ಹಿಡಿದರು, ಅದರಲ್ಲಿ ತಪ್ಪೇನಿದೆ? ಆದರೆ ನನ್ನ ಗುರುಗಳ ಮೌನದ ಮೇಲೆ ತಕಿಟ ತಕಧಿಮಿ! ಸಿಟ್ಟಿನಿಂದ ಬಲಕ್ಕೆ ತಿರುಗಿ ಅವರನ್ನೇ ದಿಟ್ಟಿಸಿದೆ. ಆ ಮನುಷ್ಯ ಕಣ್ಣು ಮುಚ್ಚಿ, ಬೆವರು ಸುರಿಸಿ, ಲೋಕವನ್ನೇ ಮರೆತು ನುಡಿಸಿದರು. ಹಾಳಾದ್ದು, ಬಹಳ ಚೆನ್ನಾಗಿತ್ತು. ಮುಗಿಸಿ ನನ್ನತ್ತ ನೋಡಿದರು. ನಾನು ಆ ಒಂದು ಸ್ವರ ನುಡಿಸಿದೆ. ಚಪ್ಪರ ಚಪ್ಪಾಳೆಯಿಂದ ತುಂಬಿಹೋಯಿತು.

"ನಿಮ್ದೂ ಚೆನ್ನಾಗಿತ್ತು. ಆದ್ರೆ ಮೃದಂಗ ಬಂತಲ್ಲ, ಅಲ್ಲಿ ಜೀವ ಬಂತು ನೋಡಿ" ಎಂದರು ಜಯಮ್ಮ, ಪಾನಕ ಕೊಡುತ್ತ.

ನಿಮ್ಮಿಂದ ನನ್ನ ರಚನೆ ಕೆಟ್ಟಿತು ಎಂದು ಹೇಳಲೇಬೇಕೆಂದು ಮಂಜುನಾಥರ ಹತ್ತಿರ ಹೋದೆ. ಅವರು ನನಗಿಂತ ಮೊದಲೇ ಕೈಮುಗಿದರು. "ಈಗೆಲ್ಲ ತನಿಗೆ ಎರಡು ನಿಮಿಷ ಬಿಡೋಕೂ ಅಳ್ತಾರೆ ಮೇಡಂ. ನೀವು ಅಷ್ಟು ಜಾಗ ಬಿಟ್ರಲ್ಲ, ನಂಗೋಸ್ಕರ!" ಅವರ ಕಣ್ಣಲ್ಲಿ ನೀರಿತ್ತು. ನಾನೂ ಕೈಮುಗಿದೆ. ರಚನೆ ಕೆಟ್ಟಿತೋ ಪೂರ್ತಿಯಾಯಿತೋ ನನಗೆ ತಿಳಿಯದೆ ಹೋಯಿತು, ಇನ್ನೂ ತಿಳಿದಿಲ್ಲ.

ಕಳೆದ ತಿಂಗಳು ಧಾರವಾಡದಲ್ಲಿ, ಗುರುಗಳ ಮನೆಯಲ್ಲೇ, ಅವರ ಪುಣ್ಯತಿಥಿಯ ದಿನ ಅದನ್ನು ತಂಬೂರಿಯೊಂದಿಗೆ ನುಡಿಸಿದೆ. ಇದೇ ಸರಿಯಾದ ಜಾಗ, ಇನ್ನು ಗೊಂದಲವಿಲ್ಲ ಎಂದುಕೊಂಡೇ ಕೂತಿದ್ದೆ. ದ್ರುತದಲ್ಲಿ ಏರಿ ನಿಂತಾಗ ಕೋಣೆಯಲ್ಲಿ ಒಬ್ಬರೂ ಅಲುಗಲಿಲ್ಲ. ನಾನು ಬರೆದಿದ್ದ ಹಾಗೆಯೇ ಪೂರ್ತಿ ಮೌನ ಸಿಕ್ಕಿತು. ಆಮೇಲೆ ಆ ಒಂದು ಸ್ವರ ನುಡಿಸಿ ಮುಗಿಸಿದೆ.

ಎಲ್ಲರೂ ಎದ್ದ ಮೇಲೆ ಗುರುಗಳ ಮಗಳು ಸುಮಿತ್ರಕ್ಕ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. "ಅಪ್ಪಾ ಇಲ್ಲೇ ಕೂತಂಗ ಆತವ್ವಾ" ಎಂದರು. ಆಮೇಲೆ ಸ್ವಲ್ಪ ಅನುಮಾನಿಸುತ್ತ ಕೇಳಿದರು:

"ಖರೇ ಹೇಳು. ನಡುವ ನಿಂತಿದ್ಯಲ್ಲ, ಆವಾಗ ಬಲಕ್ಕ ಹೊಳ್ಳಿ ಯಾರ ಹಾದಿ ನೋಡ್ಲಿಕತ್ತಿದ್ದಿ?"